ಪಿಎಚ್‌ಡಿ ಹುಡುಗ್ರಿಗೆ ಮೂರು ತಿಂಗಳು ಹೊರಗೆ ಕೆಲಸ ಮಾಡೋಕೆ ಬಿಡಿ: ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳೇ, ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಹಿರಿಯರೇ,

ನಮಸ್ಕಾರ. ನಾನು ನಮ್ಮ ರಾಜ್ಯದ್ದೇ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪಿಎಚ್‌ಡಿ ಮಾಡಿದೋಳು. ಕೆಲವು ವರ್ಷ ಅತಿಥಿ ಉಪನ್ಯಾಸಕಿ ಆಗಿದ್ದೆ, ಆಮೇಲೆ ಬೆಂಗಳೂರಿಗೆ ಬಂದು ಈಗ ಔಷಧಿಗಳಿಗೆ ಸರ್ಕಾರದ ಅನುಮತಿ ಪಡೆಯೋಕೆ ಬೇಕಾಗೋ ದಾಖಲೆಗಳನ್ನ ಬರೆಯೋ ಕೆಲಸದಲ್ಲಿದ್ದೀನಿ, ನಮ್ಮಲ್ಲಿ ಇದನ್ನ ರೆಗ್ಯುಲೇಟರಿ ರೈಟಿಂಗ್ ಅಂತಾರೆ. ನಮ್ಮ ಟೀಮಿಗೆ ಹೊಸಬ್ರನ್ನ ತಗೊಳ್ಳುವಾಗ ಇಂಟರ್‌ವ್ಯೂ ಮಾಡೋರಲ್ಲಿ ನಾನೂ ಒಬ್ಳು. ನಮ್ಮ ರಾಜ್ಯದ ವಿವಿಗಳಿಂದ ಬರೋ ಹುಡುಗ ಹುಡುಗೀರನ್ನ ಎದುರಿಗೆ ಕೂರಿಸ್ಕೊಂಡು ಮಾತಾಡಿ ಮಾತಾಡಿ ಮನಸ್ಸಿಗೆ ಬಂದಿರೋದನ್ನ ನಿಮಗೆ ಹೇಳ್ಲೇಬೇಕು ಅನ್ನಿಸಿ ಬರೀತಿದ್ದೀನಿ.

ಕೇಳೋದು ಏನು ಅಂತ ಮೊದ್ಲೇ ಹೇಳ್ಬಿಡ್ತೀನಿ. ಪಿಎಚ್‌ಡಿ ಮಾಡ್ತಿರೋ ಪ್ರತಿಯೊಬ್ರಿಗೂ, ಎರಡನೇ ವರ್ಷ ಮುಗಿದ ಮೇಲೆ ಥೀಸಿಸ್ ಬರೆಯೋಕೆ ಕೂರೋದಕ್ಕೆ ಮುಂಚೆ, ಮೂರು ತಿಂಗಳು ವಿವಿಯ ಹೊರಗೆ ಹೋಗಿ ಕೆಲಸ ಮಾಡೋ ಅವಕಾಶನ ನಿಮ್ಮ ಪಿಎಚ್‌ಡಿ ನಿಯಮಾವಳಿಯಲ್ಲೇ ಬರೆದು ಕೊಡಿ. ಆ ಮೂರು ತಿಂಗಳು ಫೆಲೋಶಿಪ್ ನಿಲ್ಲಬಾರ್ದು, ಹಾಜರಾತಿ ಕಟ್ ಆಗಬಾರ್ದು, ಗೈಡ್‌ಗೆ ಮನಸ್ಸಿಲ್ಲ ಅಂದ ಮಾತ್ರಕ್ಕೆ ಅದು ತಪ್ಪಿ ಹೋಗಬಾರ್ದು. ಇಷ್ಟೇ. ಯಾಕೆ ಅಂತ ವಿವರವಾಗಿ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ಒಂದು ಇಂಟರ್‌ವ್ಯೂ ವಿಷ್ಯ ಹೇಳ್ತೀನಿ. ಉತ್ತರ ಕರ್ನಾಟಕದ ಕಡೆಯ ಹುಡುಗಿ, ಔಷಧೀಯ ಸಸ್ಯವೊಂದರ ಮೇಲೆ ಪಿಎಚ್‌ಡಿ. ಬಯೋಡೇಟಾ ಆರು ಪುಟ ಇತ್ತು. ಮೊದಲನೇ ಪುಟದಲ್ಲಿ ತಂದೆ ಹೆಸರು, ಖಾಯಂ ವಿಳಾಸ, ಎಸ್ಸೆಸ್ಸೆಲ್ಸಿಯಿಂದ ಶುರುವಾದ ಅಂಕಗಳ ಪಟ್ಟಿ, ಆಮೇಲೆ ಮೂರು ಪುಟ ಬರೀ ಸೆಮಿನಾರು ವರ್ಕ್‌ಶಾಪು ವೆಬಿನಾರುಗಳ ಹೆಸರು, ಕೊನೆಗೆ ಎರಡು ಸಂಶೋಧನಾ ಪೇಪರ್. ನಮ್ಮ ಎಚ್‌ಆರ್ ಅವಳನ್ನ ಪಟ್ಟಿಯಿಂದ ತೆಗೆದೇಬಿಡ್ತಿದ್ರು, ನಾನು ವಿಷಯ ನೋಡಿ ಕರೆಸಿ ಅಂದೆ. ಬಂದು ಕೂತ್ಲು, ನಿಮ್ಮ ಬಗ್ಗೆ ಹೇಳಿ ಅಂದ್ರೆ ಥೀಸಿಸ್ ಶೀರ್ಷಿಕೆ ಹೇಳಿ ಸುಮ್ನಾದ್ಲು. ಎಚ್‌ಪಿಎಲ್‌ಸಿ, ಅಂದ್ರೆ ಸ್ಯಾಂಪಲ್‌ನಲ್ಲಿರೋ ರಾಸಾಯನಿಕಗಳನ್ನ ಬೇರ್ಪಡಿಸಿ ಅಳೆಯೋ ಮಷಿನ್, ಅದರ ಮೇಲೆ ಕೆಲಸ ಮಾಡಿದ್ದೀರಾ ಅಂತ ಕೇಳ್ದೆ. ಹೂಂ ಮೇಡಂ, ನಮ್ಮ ವಿಭಾಗದಲ್ಲಿ ಆ ಮಷಿನ್ ನೋಡ್ಕೋತಿದ್ದೋರ ಕಾಂಟ್ರ್ಯಾಕ್ಟ್ ಮುಗಿದು ಹೋಗಿತ್ತು, ಹಾಗಾಗಿ ನಾನೇ ಮ್ಯಾನ್ಯುಯಲ್ ಓದ್ಕೊಂಡು ಸರ್ವಿಸ್ ಇಂಜಿನಿಯರ್‌ಗೆ ಫೋನ್ ಮಾಡಿ ಮಾಡಿ ಕಲಿತೆ ಅಂದ್ಲು. ಏನು ತೊಂದ್ರೆ ಬರ್ತಿತ್ತು ಅಂದೆ. ಅಲ್ಲಿಂದ ಆ ಹುಡುಗಿ ಬೇರೆಯೇ ಆದ್ಲು. ಬೆಳಿಗ್ಗೆ ಓಡಿಸಿದ ಸ್ಯಾಂಪಲ್‌ನ ಪೀಕ್ (ರಾಸಾಯನಿಕ ಹೊರಬಂದಾಗ ಗ್ರಾಫಲ್ಲಿ ಏಳೋ ಗೆರೆ) ಒಂದು ಹೊತ್ತಿಗೆ ಬಂದ್ರೆ ಮಧ್ಯಾಹ್ನ ಓಡಿಸಿದ್ದು ಸ್ವಲ್ಪ ಬೇಗ ಬರ್ತಿತ್ತಂತೆ, ಮೊದಲು ಸ್ಯಾಂಪಲ್ ಕೆಟ್ಟಿದೆ ಅಂದ್ಕೊಂಡ್ಲಂತೆ, ಆಮೇಲೆ ಏನಿದೆ ಅಂತ ಮೊದ್ಲೇ ಗೊತ್ತಿರೋ ಒಂದೇ ಸ್ಟ್ಯಾಂಡರ್ಡ್ ದ್ರಾವಣನ ಬೆಳಿಗ್ಗೆ ಮಧ್ಯಾಹ್ನ ಎರಡೂ ಹೊತ್ತು ಓಡಿಸಿ ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಟ್ಟು ನೋಡಿದ್ರೆ ಅದೂ ಹಂಗೇ ಬೇಗ ಬರ್ತಿದೆ, ಅಂದ್ರೆ ಸ್ಯಾಂಪಲ್ ತಪ್ಪಲ್ಲ, ರೂಮಿನ ಎಸಿ ಕೆಟ್ಟಿತ್ತು, ಬೇಸಿಗೆ ಬಿಸಿಲಿಗೆ ಮಷಿನ್‌ನ ಕಾಲಮ್, ಅಂದ್ರೆ ಸ್ಯಾಂಪಲ್ ಹಾದುಹೋಗೋ ಕೊಳವೆ, ಬಿಸಿ ಆಗಿ ಪೀಕ್ ಬೇಗ ಬರ್ತಿತ್ತು. ಎಸಿ ರಿಪೇರಿ ಆಗೋವರೆಗೂ ಎಲ್ಲಾ ರನ್ ಬೆಳಿಗ್ಗೆ ಹೊತ್ತಲ್ಲೇ ಮಾಡಿದ್ಲಂತೆ, ಹಳೇ ಡೇಟಾದಲ್ಲಿ ಯಾವ್ಯಾವುದು ಮಧ್ಯಾಹ್ನದ್ದು ಅಂತ ಗುರುತಿಸಿ ಅಷ್ಟನ್ನೂ ಮತ್ತೆ ಮಾಡಿದ್ಲಂತೆ.

ಸರ್, ಮೇಡಂ, ಇದನ್ನೇ ಔಷಧಿ ಕಂಪನಿಯಲ್ಲಿ ಡೀವಿಯೇಷನ್ ಇನ್ವೆಸ್ಟಿಗೇಷನ್ ಅಂತಾರೆ. ಏನು ತಪ್ಪಾಯ್ತು, ಮೂಲ ಕಾರಣ ಏನು, ಅದರಿಂದ ಯಾವ ಡೇಟಾಗೆ ಪೆಟ್ಟು ಬಿತ್ತು, ಸರಿ ಮಾಡೋಕೆ ಏನು ಮಾಡಿದ್ರಿ ಅಂತ ದಾಖಲೆ ಸಮೇತ ಬರೆಯೋದು. ಇದನ್ನ ಚೆನ್ನಾಗಿ ಮಾಡೋರು ಸಿಗೋದು ಕಷ್ಟ. ಈ ಹುಡುಗಿ ಅದನ್ನ ಯಾರ ಸಹಾಯನೂ ಇಲ್ದೆ ಮಾಡಿದ್ಲು, ಆದ್ರೆ ಅದು ಒಂದು ಯೋಗ್ಯತೆ ಅಂತ ಅವಳಿಗೆ ಐದು ವರ್ಷದಲ್ಲಿ ಒಬ್ರೂ ಹೇಳಿರಲಿಲ್ಲ, ಆ ಆರು ಪುಟದಲ್ಲಿ ಅದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಅವಳನ್ನ ತಗೊಂಡ್ವಿ, ಈಗ ಚೆನ್ನಾಗಿದ್ದಾಳೆ. ನನಗೆ ಸಂಕಟ ಆಗೋದು ನಾವು ಕರೆಯದೇ ಬಿಟ್ಟ ಬಯೋಡೇಟಾಗಳ ಬಗ್ಗೆ.

ಆ ಹುಡುಗಿ ಹೊರಗಿನ ಲ್ಯಾಬ್ ಒಂದರಲ್ಲಿ ಮೂರು ತಿಂಗಳು ಇದ್ದಿದ್ರೆ ಸಾಕಿತ್ತು, ತಾನು ಮಾಡ್ತಿರೋ ಕೆಲಸಕ್ಕೆ ಅಲ್ಲೂ ಬೆಲೆ ಇದೆ ಅಂತ ಅವಳಿಗೇ ಕಾಣ್ತಿತ್ತು. ನಾನು ಇಂಟರ್ನ್‌ಶಿಪ್ ಅಂತ ಇಷ್ಟು ಒತ್ತಿ ಹೇಳೋದು ಇದಕ್ಕೇ. ಒಂದು ದಿನದ ಕರಿಯರ್ ಗೈಡೆನ್ಸ್ ಕಾರ್ಯಕ್ರಮ, ಅತಿಥಿಗಳಿಗೆ ಶಾಲು ಹಾರ, ವಂದನಾರ್ಪಣೆ, ಊಟ, ಸರ್ಟಿಫಿಕೇಟು, ಇದರಿಂದ ಇದು ಆಗಲ್ಲ. ಅಂಥ ಕಾರ್ಯಕ್ರಮಗಳ ಸರ್ಟಿಫಿಕೇಟೇ ಆ ಮೂರು ಪುಟದಲ್ಲಿ ಇದ್ದಿದ್ದು.

ಈಗ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2014-15ರಲ್ಲಿ ದೇಶದಲ್ಲಿ ಪಿಎಚ್‌ಡಿಗೆ ದಾಖಲಾಗಿದ್ದೋರು 1.17 ಲಕ್ಷ, 2021-22ಕ್ಕೆ ಅದು 2.12 ಲಕ್ಷ ಆಯ್ತು. ಅದರಲ್ಲಿ ಹೆಣ್ಣುಮಕ್ಕಳ ಸಂಖ್ಯೆ 47 ಸಾವಿರದಿಂದ 98 ಸಾವಿರಕ್ಕೆ ಏರಿದೆ, ಎರಡು ಪಟ್ಟಿಗಿಂತ ಜಾಸ್ತಿ, ಇದು ನಿಜಕ್ಕೂ ಖುಷಿ ಪಡೋ ವಿಷಯ. ಆದ್ರೆ ಇವ್ರೆಲ್ಲ ಮುಗಿಸಿ ಎಲ್ಲಿಗೆ ಹೋಗ್ಬೇಕು? ನಮ್ಮ ರಾಜ್ಯದಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರಲ್ಲಿ ಅರ್ಜಿ ಕರೆದ್ರು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ಆಯ್ತು, ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆ ಗಲಾಟೆ, ಕೋರ್ಟು, ಪಟ್ಟಿ, ತಿದ್ದುಪಡಿ ಪಟ್ಟಿ ಅಂತ ಆದೇಶ ಕೈಗೆ ಬರೋ ಹೊತ್ತಿಗೆ ಕಾದು ಕೂತೋರ ವಯಸ್ಸೇ ದಾಟ್ತಾ ಬಂತು. ಉಳಿದೋರು ಅತಿಥಿ ಉಪನ್ಯಾಸಕರು. 2022ರ ಜನವರಿಗೆ ಮುಂಚೆ ಅವ್ರಿಗೆ ತಿಂಗಳಿಗೆ 11ರಿಂದ 13 ಸಾವಿರ ಕೊಡ್ತಿದ್ರು, ಹೋರಾಟ ಮಾಡಿದ ಮೇಲೆ 26ರಿಂದ 32 ಸಾವಿರ ಆಯ್ತು, ಅದೂ ವಾರಕ್ಕೆ 15 ಗಂಟೆ ಪಾಠ ಸಿಕ್ಕಿದ್ರೆ. 2023ರ ನವೆಂಬರ್‌ನಲ್ಲಿ ಕೆಲಸ ಖಾಯಂ ಮಾಡಿ ಅಂತ ಮತ್ತೆ ಬೀದಿಗಿಳಿದ್ರು. ಅವ್ರ ಬೇಡಿಕೆ ನೂರಕ್ಕೆ ನೂರು ನ್ಯಾಯ, ಖಾಲಿ ಹುದ್ದೆಗಳನ್ನ ತುಂಬಲೇಬೇಕು, ನಾನು ಬರೆದಿರೋ ಈ ಪತ್ರ ಅದನ್ನ ತುಂಬದೇ ಇರೋಕೆ ಯಾರಿಗೂ ನೆಪ ಆಗಬಾರ್ದು. ಆದ್ರೆ ಎಲ್ಲಾ ಹುದ್ದೆ ತುಂಬಿದ್ರೂ ಇಷ್ಟು ಜನಕ್ಕೆ ಸಾಲಲ್ಲ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು, ಗೊತ್ತಿಲ್ಲದೇ ಇರೋದು ಪಿಎಚ್‌ಡಿಗೆ ಸೇರೋ ಹುಡುಗ್ರಿಗೆ ಮಾತ್ರ.

ಇನ್ನೊಂದು ಮಾತು. ವಿವಿಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಆಗುತ್ತೆ ಅಂತ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲಿ ಹೇಳಿತ್ತು, 2021ರ ಜುಲೈಯಿಂದ ಅಂದ್ರು, ಆಮೇಲೆ 2023ಕ್ಕೆ ಮುಂದೂಡಿದ್ರು, ಕೊನೆಗೆ 2023ರ ಜುಲೈಯಿಂದ ನೆಟ್ ಅಥವಾ ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿದ್ರೆ ಸಾಕು, ಪಿಎಚ್‌ಡಿ ಐಚ್ಛಿಕ ಅಂದ್ರು. ಕಡ್ಡಾಯ ಆಗುತ್ತೆ ಅಂತ ನಂಬಿ ಕೆಲಸ ಬಿಟ್ಟು, ಮದುವೆ ಮುಂದೂಡಿ, ಸಾಲ ಮಾಡಿ ಸೇರ್ಕೊಂಡ ಎಷ್ಟೋ ಮಕ್ಕಳು ಅರ್ಧ ದಾರಿಯಲ್ಲಿದ್ದಾಗ ಈ ಬದಲಾವಣೆ ಬಂತು. ನಿಯಮ ಬದಲಾಯಿಸೋರು ಬದಲಾಯಿಸಿದ್ರು, ಅವ್ರಿಗೆ ಇನ್ನೇನು ದಾರಿ ಇದೆ ಅಂತ ಕೂರಿಸಿ ಹೇಳಿದೋರು ಯಾರೂ ಇಲ್ಲ.

ನಿಯಮದ ವಿಷಯ ಬಂತಲ್ಲ, 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ ಪಿಎಚ್‌ಡಿ ನಿಯಮಾವಳಿ ತೆಗೆದು ನೋಡಿ. ಯಾವ ವಿಷಯದೋರೇ ಆಗ್ಲಿ, ಪಿಎಚ್‌ಡಿ ಮಾಡೋವಾಗ ಬೋಧನೆ, ಬೋಧನಾಶಾಸ್ತ್ರ, ಬರವಣಿಗೆಯಲ್ಲಿ ತರಬೇತಿ ಪಡೀಬೇಕು, ವಾರಕ್ಕೆ 4ರಿಂದ 6 ಗಂಟೆ ಪಾಠ ಅಥವಾ ಲ್ಯಾಬ್ ಸಹಾಯದ ಕೆಲಸ ಕೊಡಬಹುದು ಅಂತ ಸ್ಪಷ್ಟವಾಗಿ ಇದೆ. ಒಳ್ಳೇದೇ, ನಾನು ಅದನ್ನ ವಿರೋಧಿಸಲ್ಲ, ಪಾಠ ಮಾಡೋದು ಕಲಿತಿದ್ದು ನನಗೆ ಇವತ್ತಿಗೂ ಮೀಟಿಂಗ್‌ಗಳಲ್ಲಿ ಉಪಯೋಗಕ್ಕೆ ಬರುತ್ತೆ. ಆದ್ರೆ ಒಂದೇ ಒಂದು ನೌಕರಿಗೆ, ಅದೂ ಸಿಗೋದೇ ಕಷ್ಟ ಇರೋ ನೌಕರಿಗೆ, ನಿಯಮದಲ್ಲೇ ತಯಾರಿ ಇದೆ, ಉಳಿದ ಯಾವುದಕ್ಕೂ ಅಷ್ಟು ಖಚಿತವಾಗಿ ಗಂಟೆ ಲೆಕ್ಕದಲ್ಲಿ ಬರೆದಿಟ್ಟ ತಯಾರಿ ಇಲ್ಲ. ಆರಾರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರಗತಿ ವರದಿ ಒಪ್ಪಿಸ್ತಾರಲ್ಲ, ನಾನಿದ್ದಾಗ ಆ ಫಾರ್ಮಲ್ಲಿ ಇದ್ದ ಕಾಲಂಗಳು ನನಗಿನ್ನೂ ನೆನಪಿವೆ. ಸಾಹಿತ್ಯ ಸಮೀಕ್ಷೆ ಎಷ್ಟಾಯ್ತು, ಪ್ರಯೋಗ ಎಷ್ಟಾಯ್ತು, ಪೇಪರ್ ಎಷ್ಟು, ಶುಲ್ಕ ಕಟ್ಟಿದ ರಸೀದಿ ಸಂಖ್ಯೆ, ಗೈಡ್ ಷರಾ. ಮುಂದೆ ಏನ್ ಮಾಡ್ಬೇಕು ಅಂದ್ಕೊಂಡಿದ್ದೀಯಮ್ಮ ಅಂತ ಕೇಳೋ ಕಾಲಂ ಇರಲಿಲ್ಲ. ಇವತ್ತು ನನ್ನ ಹತ್ರ ಸಲಹೆ ಕೇಳೋ ಮಕ್ಕಳು ಕಳಿಸೋ ಫಾರ್ಮ್‌ಗಳಲ್ಲೂ ನಾನು ಕಂಡಿಲ್ಲ.

ಹಾಗಂತ ನಿಮ್ಮ ಕೈ ಕಟ್ಟಿಲ್ಲ. ಯುಜಿಸಿ ಹೇಳೋದು ಕನಿಷ್ಠ ಮಾನದಂಡ, ಅದರ ಮೇಲೆ ನಿಮ್ಮ ವಿವಿಯ ನಿಯಮ ಮಾಡೋದು ನೀವು. ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್ ಇರ್ಬೇಕು ಅಂತಷ್ಟೇ ಇದೆ, ಆನ್‌ಲೈನ್ ಕೋರ್ಸ್‌ಗಳನ್ನ ಸಲಹಾ ಸಮಿತಿ ಶಿಫಾರಸು ಮಾಡಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ಅವಧಿ ಕೂಡ ಕನಿಷ್ಠ 3 ವರ್ಷ, ಗರಿಷ್ಠ 6, ಮರು ನೋಂದಣಿ ಮಾಡಿಸಿದ್ರೆ ಇನ್ನೂ 2, ಇದರ ಮಧ್ಯೆ ಮೂರು ತಿಂಗಳು ಎಲ್ಲೂ ಹಿಡಿಸದೇ ಹೋಗಲ್ಲ. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಅಂತ 2 ಕ್ರೆಡಿಟ್‌ನ, 30 ಗಂಟೆಯ ಕೋರ್ಸ್ 2019ರ ಕೊನೆಯಲ್ಲಿ ಯುಜಿಸಿ ತಂದಾಗ ವಿವಿಗಳು ಸಿಲಬಸ್ ಮಾಡಿ, ಪಾಠ ಮಾಡೋರನ್ನ ಹುಡುಕಿ ಅದನ್ನ ಜಾರಿಗೆ ತಂದ್ವು. ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಹೊರಗೆ ಕೆಲಸ ಅಂದ್ರೆ ಏನು, ಕಾಲ್ ಸೆಂಟರಾ ಅಂತ ಕೇಳೋ ಪ್ರಾಧ್ಯಾಪಕರನ್ನ ನಾನು ನೋಡಿದ್ದೀನಿ, ಅವ್ರು ಕೆಟ್ಟೋರಲ್ಲ, ಅವ್ರಿಗೆ ನಿಜವಾಗ್ಲೂ ಗೊತ್ತಿಲ್ಲ, ಎಂಎಸ್ಸಿ ಮುಗಿಸಿ ಪಿಎಚ್‌ಡಿ, ಪಿಎಚ್‌ಡಿ ಮುಗಿಸಿ ಅದೇ ವಿಭಾಗದಲ್ಲಿ ಕೆಲಸ, ಹೊರಗಿನ ಗಾಳಿ ಸೋಕಿದ್ದೇ ಇಲ್ಲ. ಅದಕ್ಕೆ ಸ್ವಲ್ಪ ಹೇಳ್ತೀನಿ. ಪೇಟೆಂಟ್ ಏಜೆಂಟ್ ಆಗೋಕೆ ಕಾನೂನು ಪದವಿ ಬೇಕಿಲ್ಲ, ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಇದ್ದು ಕೇಂದ್ರದ ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾದ್ರೆ ಸಾಕು, 1970ರ ಪೇಟೆಂಟ್ ಕಾಯ್ದೆಯಲ್ಲೇ ಇದೆ. ಒಂದು ಸಂಶೋಧನೆಯಲ್ಲಿ ಹೊಸದು ಯಾವುದು ಹಳೇದು ಯಾವುದು ಅಂತ ನೂರಾರು ಪೇಪರ್ ಓದಿ ಬೇರ್ಪಡಿಸೋದು ಆ ಕೆಲಸದ ತಿರುಳು, ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದೋರು ಅದನ್ನ ಬಿಟ್ಟು ಇನ್ನೇನು ಮಾಡಿದ್ದಾರೆ ಹೇಳಿ. ರಾಣೆಬೆನ್ನೂರು ಸುತ್ತಮುತ್ತ ಬೀಜದ ಕಂಪನಿಗಳಿವೆ, ಸಸ್ಯಶಾಸ್ತ್ರದೋರಿಗೆ, ಜೆನೆಟಿಕ್ಸ್‌ನೋರಿಗೆ ಅಲ್ಲಿ ಜಾಗ ಇದೆ, ಧಾರವಾಡ ಹಾವೇರಿ ಹುಡುಗ್ರು ಬೆಂಗಳೂರಿಗೆ ಬರೋದೇ ಬೇಡ. ಯಲಹಂಕದಲ್ಲಿ ನಮ್ಮ ಸರ್ಕಾರದ್ದೇ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ, 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾಗಿದ್ದು, ಈಗ ಗ್ರಾಮ ಪಂಚಾಯ್ತಿ ಮಟ್ಟದ ಮಳೆ ಮಾಪಕಗಳ ಮಾಹಿತಿ ಅಲ್ಲಿಗೆ ಬರುತ್ತೆ. ಭೂಗೋಳ, ಭೂವಿಜ್ಞಾನ, ಸ್ಟಾಟಿಸ್ಟಿಕ್ಸ್ ಪಿಎಚ್‌ಡಿಯೋರಿಗೆ ಮೂರು ತಿಂಗಳು ಅಲ್ಲಿ ಕೂತ್ರೆ ತಮಗೂ ಅನುಕೂಲ, ಇಲಾಖೆಗೂ ಅನುಕೂಲ. ಇನ್ನು ಬೆಂಗಳೂರಿನ ದೊಡ್ಡ ಕಂಪನಿಗಳ ಬಗ್ಗೆ ಹೇಳೋದೇ ಬೇಡ, 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ಜಾಗತಿಕ ಸಾಮರ್ಥ್ಯ ಕೇಂದ್ರಗಳ, ಅಂದ್ರೆ ಹೊರದೇಶದ ಕಂಪನಿಗಳು ಇಲ್ಲಿ ತೆರೆಯೋ ತಮ್ಮದೇ ಕಚೇರಿಗಳ, ನೀತಿ ತಂದು 2029ರೊಳಗೆ 500 ಹೊಸ ಕೇಂದ್ರ, 3.5 ಲಕ್ಷ ಕೆಲಸ ಅಂತ ಗುರಿ ಇಟ್ಟಿದೆ. ಒಂದು ಇಲಾಖೆ ಕೆಲಸ ತರ್ತೀವಿ ಅಂತಿದೆ, ಇನ್ನೊಂದು ಇಲಾಖೆಯ ಪಿಎಚ್‌ಡಿ ಮಕ್ಕಳಿಗೆ ಆ ಮಾತೇ ತಲುಪಿಲ್ಲ.

ಕಲಾ ವಿಭಾಗದೋರ ಬಗ್ಗೆ ಇನ್ನೂ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅವ್ರನ್ನ ಈ ವಿಷಯದಲ್ಲಿ ಪೂರ್ತಿ ಕೈಬಿಟ್ಟಿದ್ದೀವಿ. ಕನ್ನಡದಲ್ಲಿ ಪಿಎಚ್‌ಡಿ ಅಂದ್ರೆ ಲೆಕ್ಚರರ್ ಕೆಲಸ, ಅದು ಬಿಟ್ರೆ ಏನೂ ಇಲ್ಲ ಅಂತ ಎಲ್ರೂ ತೀರ್ಮಾನ ಮಾಡ್ಬಿಟ್ಟಿದ್ದಾರೆ. ನನಗೆ ಗೊತ್ತಿರೋ ಒಬ್ರು ಜಾನಪದದಲ್ಲಿ ಪಿಎಚ್‌ಡಿ, ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯ ಹಾಡೋರನ್ನ ಊರೂರು ಸುತ್ತಿ ರೆಕಾರ್ಡ್ ಮಾಡ್ಕೊಂಡು ಬಂದು ಹೆಡ್‌ಫೋನ್ ಹಾಕ್ಕೊಂಡು ಸಾಲು ಸಾಲು ಬರೆದಿದ್ದಾರೆ. ಹಾಡುಗಾರರು ಎಳೆದು ಹಾಡಿದ್ದು ಯಾವುದು, ಮಾತಿನ ಉಚ್ಚಾರಣೆಯೇ ಹಾಗಿರೋದು ಯಾವುದು, ಹಿಮ್ಮೇಳದೋರು ಎಲ್ಲಿ ಸೇರ್ಕೋತಾರೆ, ಒಂದೇ ಪದ ಶಿರಾ ಕಡೆ ಹೆಂಗೆ ಹಿರಿಯೂರು ಕಡೆ ಹೆಂಗೆ, ಎಲ್ಲದಕ್ಕೂ ತಮ್ಮದೇ ಗುರುತುಗಳನ್ನ ಮಾಡ್ಕೊಂಡು, ಆ ಗುರುತಿನ ಪಟ್ಟಿನ ಥೀಸಿಸ್‌ನ ಅನುಬಂಧದಲ್ಲಿ ಹಾಕಿದ್ದಾರೆ. ಈಗ ನೋಡಿ, ಕಂಪ್ಯೂಟರ್‌ಗೆ ಭಾರತದ ಭಾಷೆಗಳನ್ನ ಕಲಿಸೋ ಕೇಂದ್ರದ ಭಾಷಿಣಿ ಯೋಜನೆ 2022ರಿಂದ ನಡೀತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಅಲ್ಲಿನ ತಂತ್ರಜ್ಞಾನ ಸಂಸ್ಥೆ ಆರ್ಟ್‌ಪಾರ್ಕ್ ಗೂಗಲ್ ಜೊತೆ ಸೇರಿ ವಾಣಿ ಅಂತ ದೇಶದ 773 ಜಿಲ್ಲೆಗಳ ಮಾತನ್ನ ಸಂಗ್ರಹಿಸೋ ಕೆಲಸ ಹಿಡಿದಿವೆ. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಮೊಬೈಲ್‌ಗೆ ಕನ್ನಡ ಅರ್ಥ ಆಗ್ಬೇಕು ಅಂದ್ರೆ ಯಾರೋ ಒಬ್ರು ಕೂತು ಮಾತನ್ನ ಅಕ್ಷರಕ್ಕಿಳಿಸಿ, ಉಪಭಾಷೆ ಗುರುತಿಸಿ, ಆ ಕೆಲಸಕ್ಕೊಂದು ನಿಯಮ ಬರೀಬೇಕು. ಇವ್ರು ಮಾಡಿದ್ದೂ ಅದೇ ತಾನೆ? ಆದ್ರೆ ಅವ್ರಿಗೆ ಇಂಥದ್ದೊಂದು ಕ್ಷೇತ್ರ ಇದೆ ಅಂತಾನೇ ಗೊತ್ತಿರಲಿಲ್ಲ, ನಾನು ಹೇಳಿದಾಗ ನಂಬಲೇ ಇಲ್ಲ, ನಾನು ಕಂಪ್ಯೂಟರ್ ಸೈನ್ಸ್ ಓದಿಲ್ವಲ್ಲ ಮೇಡಂ ಅಂದ್ರು. ಅವ್ರಿಗೆ ಬೇಕಾಗಿರೋದು ಸ್ಪ್ರೆಡ್‌ಶೀಟ್ ಬಳಸೋ ಅಭ್ಯಾಸ, ಕಂಪ್ಯೂಟರಲ್ಲಿ ಕನ್ನಡ ಅಕ್ಷರಗಳನ್ನ ಕೂರಿಸೋ ಯೂನಿಕೋಡ್ ಪರಿಚಯ, ಒಂದು ಟೀಮಲ್ಲಿ ಗಡುವಿಗೆ ತಕ್ಕ ಹಾಗೆ ಕೆಲಸ ಮಾಡೋ ರೂಢಿ. ಮೂರು ತಿಂಗಳಲ್ಲಿ ಬರುತ್ತೆ, ಅವ್ರಿಗೆ ಗೊತ್ತಿರೋ ಕನ್ನಡ ಇನ್ನೊಬ್ರಿಗೆ ಮೂವತ್ತು ವರ್ಷ ಕೊಟ್ರೂ ಬರಲ್ಲ.

ಇತಿಹಾಸದೋರಿಗೂ ಅಷ್ಟೇ. ಇತಿಹಾಸ ಸಂಶೋಧನೆ ಮಾಡೋ ಮಿಥಿಕ್ ಸೊಸೈಟಿಯೋರು ಬೆಂಗಳೂರಿನ ಸುತ್ತಲಿನ ಶಾಸನಗಳನ್ನ ತ್ರಿಡಿ ಸ್ಕ್ಯಾನ್ ಮಾಡಿ ಕಾಪಾಡ್ತಿದ್ದಾರೆ, ಹಳಗನ್ನಡ ಲಿಪಿ ಓದೋಕೆ ಬರೋ ಹುಡುಗ್ರು ಇಂಥ ಕಡೆ ಮೂರು ತಿಂಗಳು ಇದ್ದು ಬರ್ಲಿ. ಅರ್ಥಶಾಸ್ತ್ರ, ಸಮಾಜಶಾಸ್ತ್ರದೋರು ಜಿಲ್ಲಾ ಪಂಚಾಯ್ತಿಗೆ, ಎನ್‌ಜಿಒಗಳಿಗೆ, ಸಮೀಕ್ಷೆ ಮಾಡೋ ಸಂಸ್ಥೆಗಳಿಗೆ ಹೋಗ್ಲಿ. ಎಲ್ಲದಕ್ಕೂ ಕಂಪನಿನೇ ಬೇಕು ಅಂತ ನಾನು ಹೇಳ್ತಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಉಪಾಯನೂ ಅಲ್ಲ. ಬ್ರಿಟನ್ನಲ್ಲಿ 2002ರಲ್ಲಿ ಸರ್ ಗ್ಯಾರೆತ್ ರಾಬರ್ಟ್ಸ್ ಅವ್ರ ವರದಿ ಬಂತು, ಪಿಎಚ್‌ಡಿ ಮಾಡೋರಿಗೆ ವರ್ಷಕ್ಕೆ ಕನಿಷ್ಠ ಎರಡು ವಾರ ತಮ್ಮ ವಿಷಯದಾಚೆಗಿನ ಕೌಶಲಗಳ ತರಬೇತಿ ಕೊಡ್ಬೇಕು ಅಂತ ಅದರಲ್ಲಿ ಹೇಳಿದ್ರು, ಸರ್ಕಾರ ಅದಕ್ಕೇ ಅಂತ ಬೇರೆ ದುಡ್ಡು ಇಟ್ಟು ಕೊಡ್ತು. ಆಮೇಲೆ 2012ರಿಂದ ಅಲ್ಲಿನ ಜೀವವಿಜ್ಞಾನಗಳಿಗೆ ಅನುದಾನ ಕೊಡೋ ಸಂಸ್ಥೆ ಬಿಬಿಎಸ್‌ಆರ್‌ಸಿ ತನ್ನ ತರಬೇತಿ ಯೋಜನೆಗಳಡಿ ಪಿಎಚ್‌ಡಿ ಮಾಡೋರು ಮೂರು ತಿಂಗಳು ತಮ್ಮ ಸಂಶೋಧನೆಗೆ ಸಂಬಂಧವೇ ಇಲ್ಲದ ಕಡೆ ಹೋಗಿ ಕೆಲಸ ಮಾಡ್ಬೇಕು ಅಂತ ಕಡ್ಡಾಯ ಮಾಡ್ತು. ಸಂಬಂಧ ಇರಬಾರ್ದು ಅಂದಿದ್ದರಲ್ಲೇ ಅವ್ರ ಜಾಣತನ ಇದೆ. ಸಂಬಂಧ ಇರೋ ಕಡೆ ಕಳಿಸಿದ್ರೆ ಗೈಡ್ ತನ್ನ ಪರಿಚಯದ ಇನ್ನೊಂದು ಲ್ಯಾಬ್‌ಗೆ ಕಳಿಸಿ ತನ್ನದೇ ಪ್ರಯೋಗ ಮಾಡಿಸ್ಕೋತಾರೆ. ನಮ್ಮಲ್ಲೂ ಆ ಎಚ್ಚರ ಇರ್ಲಿ. ಅಲ್ಲಿನ ಹಾಗೆ ಕಡ್ಡಾಯ ಮಾಡ್ಬೇಕು ಅಂತ ನಾನು ಹೇಳಲ್ಲ, ಪಾಠ ಮಾಡೋದೇ ನನ್ನ ಬದುಕು ಅಂತ ನಿರ್ಧಾರ ಮಾಡಿರೋ ಮಗು ಮೂರು ತಿಂಗಳು ಲ್ಯಾಬಲ್ಲೇ ಇರ್ಲಿ, ಅವ್ರಿಗೆ ಒಳ್ಳೇದಾಗ್ಲಿ, ಹೋಗ್ತೀನಿ ಅನ್ನೋರನ್ನ ತಡೀಬೇಡಿ ಅಷ್ಟೇ.

ತಡೆಯೋದು ಹೆಂಗೆ ನಡೆಯುತ್ತೆ ಅಂತ ನಿಮಗೆ ಗೊತ್ತಿರಬಹುದು, ಆದ್ರೂ ಹೇಳ್ತೀನಿ. ಗೈಡ್ ಬಾಯಿ ಬಿಟ್ಟು ಬೇಡ ಅನ್ನಲ್ಲ. ನೋಡೋಣ ಅಂತಾರೆ, ಮುಂದಿನ ತಿಂಗಳು ಅಂತಾರೆ, ಸಹಿ ಹಾಕ್ಬೇಕಾದ ಕಾಗದ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತೆ, ಅಷ್ಟರಲ್ಲಿ ಅಲ್ಲಿ ಜಾಗ ತುಂಬಿರುತ್ತೆ. ಅದಕ್ಕೇ ಅರ್ಜಿ ಸಲಹಾ ಸಮಿತಿಗೆ ಹೋಗ್ಲಿ, 15 ದಿನದಲ್ಲಿ ಲಿಖಿತವಾಗಿ ಕಾರಣ ಕೊಟ್ಟು ಬೇಡ ಅನ್ನದೇ ಇದ್ರೆ ಒಪ್ಪಿಗೆ ಸಿಕ್ಕಂಗೆ ಅಂತ ನಿಯಮದಲ್ಲಿ ಇರ್ಲಿ. ಕಾಳಿನ ಕಟಾವು ಕಾಲದಲ್ಲಿ ಫೀಲ್ಡ್ ಬಿಟ್ಟು ಹೋಗೋಕಾಗಲ್ಲ, ಲ್ಯಾಬಲ್ಲಿ ಜೀವಕೋಶ ಬೆಳೆಸ್ತಿದ್ರೆ ಬಿಡೋಕಾಗಲ್ಲ, ಗೈಡ್‌ಗಳ ಈ ಮಾತು ನಿಜ, ಅಂಥ ಕಡೆ ತಿಂಗಳು ಹಿಂದೆ ಮುಂದೆ ಮಾಡ್ಕೊಳ್ಳಿ, ಇಡೀ ಅವಕಾಶನೇ ಕಿತ್ಕೋಬೇಡಿ. ರಾಜ್ಯದ ಇಲಾಖೆಗಳು ಕೊಡೋ ಫೆಲೋಶಿಪ್‌ಗಳ ಷರತ್ತು ಬದಲಾಯಿಸೋದು ಸರ್ಕಾರದ ಕೈಯಲ್ಲೇ ಇದೆ, ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ತಗೊಳ್ಳೋರ ವಿಷಯದಲ್ಲಿ ಎಲ್ಲಾ ಕುಲಪತಿಗಳೂ ಸೇರಿ ಯುಜಿಸಿಗೆ ಬರೆದು ಸ್ಪಷ್ಟನೆ ತಗೊಳ್ಳಿ. ಫೆಲೋಶಿಪ್ಪೇ ಇಲ್ದೆ ಮನೆ ದುಡ್ಡಲ್ಲಿ ಪಿಎಚ್‌ಡಿ ಮಾಡ್ತಿರೋ ಮಕ್ಕಳು ಬಹಳ ಇದ್ದಾರೆ, ಬೀದರ್‌ನಿಂದಲೋ ಯಾದಗಿರಿಯಿಂದಲೋ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇರೋಕೆ ಅವ್ರಿಗೆ ದುಡ್ಡೆಲ್ಲಿಂದ ಬರ್ಬೇಕು, ಅವ್ರಿಗೆ ತಿಂಗಳ ಖರ್ಚಿಗೆ ಅಂತ ಒಂದು ನಿಧಿ ಬೇಕು, ಇಲ್ಲದಿದ್ರೆ ಇದೂ ಬೆಂಗಳೂರು ಮೈಸೂರಿನೋರಿಗೆ ಮಾತ್ರ ಸಿಗೋ ಸೌಲಭ್ಯ ಆಗ್ಬಿಡುತ್ತೆ. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ವ್ಯವಸ್ಥೆ ಇಲ್ದೆ ಮನೆಯಲ್ಲಿ ಕಳಿಸಲ್ಲ ಅನ್ನೋದನ್ನೂ ಮರೀಬೇಡಿ, ಬೆಂಗಳೂರಲ್ಲಿರೋ ವಿವಿಗಳು ಬೇರೆ ವಿವಿಯ ಮಕ್ಕಳಿಗೆ ಮೂರು ತಿಂಗಳ ಮಟ್ಟಿಗೆ ಹಾಸ್ಟೆಲ್‌ನಲ್ಲಿ ಜಾಗ ಕೊಟ್ರೆ ದೊಡ್ಡ ಉಪಕಾರ.

ಪಿಎಚ್‌ಡಿ ಇರೋದು ಜ್ಞಾನಕ್ಕೆ, ನೌಕರಿಗಲ್ಲ ಅಂತ ಒಂದು ವಾದ ಇದೆ. ನಾನು ಅದನ್ನ ಗೌರವಿಸ್ತೀನಿ. ನನ್ನ ಥೀಸಿಸ್ ಕೆಲಸ ನನಗೆ ಕೊಟ್ಟ ಖುಷಿನ ಯಾವ ಸಂಬಳನೂ ಕೊಟ್ಟಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಜ್ಞಾನಕ್ಕೆ ಅಂತ ಬಂದೋರನ್ನ ಮೂವತ್ತೆರಡು ಮೂವತ್ತಮೂರನೇ ವಯಸ್ಸಿಗೆ ಮನೆಗೆ ಕಳಿಸಿ ಅತಿಥಿ ಉಪನ್ಯಾಸಕರ ಹತ್ತು ತಿಂಗಳ ಗೌರವಧನಕ್ಕೆ ಕಾಯಿಸಿದ್ರೆ ಆ ಜ್ಞಾನ ಉಳಿಯುತ್ತಾ? ಅವ್ರು ಓದೋದು ಬಿಡ್ತಾರೆ, ಪೇಪರ್ ಬರೆಯೋದು ಬಿಡ್ತಾರೆ, ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಅವ್ರ ಥೀಸಿಸ್ ಪಿಡಿಎಫ್ ಆಗಿ ಉಳಿಯುತ್ತೆ. ಹೊರಗೆ ಹೋದೋರು ಎಷ್ಟೋ ಜನ ಇವತ್ತಿಗೂ ತಮ್ಮ ವಿಷಯ ಓದ್ತಾರೆ, ನಾನೂ ಓದ್ತೀನಿ. ನಾನು ಕಂಪನಿ ಸೇರಿದೆ ಅಂತ ಗೊತ್ತಾದಾಗ ನಮ್ಮ ವಿಭಾಗದ ಹಿರಿಯರೊಬ್ರು ಅಷ್ಟೆಲ್ಲಾ ಓದಿ ಕೊನೆಗೆ ಇದಕ್ಕಾ ಅಂದ್ರು. ಆ ಮಾತು ಬಹಳ ದಿನ ಚುಚ್ಚಿತು. ಇನ್ನೊಂದು ಮಗುವಿಗೆ ಯಾರೂ ಆ ಮಾತು ಹೇಳಬಾರ್ದು. ಘಟಿಕೋತ್ಸವದ ದಿನ ಈ ವರ್ಷ ಇಷ್ಟು ಪಿಎಚ್‌ಡಿ ಕೊಟ್ವಿ ಅಂತ ಹೆಮ್ಮೆಯಿಂದ ಓದ್ತೀರಲ್ಲ, ಐದು ವರ್ಷದ ಹಿಂದೆ ಪಡೆದೋರು ಈಗ ಎಲ್ಲಿದ್ದಾರೆ, ಏನ್ ಮಾಡ್ತಿದ್ದಾರೆ ಅನ್ನೋ ಪಟ್ಟಿನೂ ಪ್ರತಿ ವಿಭಾಗದಿಂದ ತರಿಸಿ ವೆಬ್‌ಸೈಟಲ್ಲಿ ಹಾಕಿ. ಪೇಟೆಂಟ್ ಕಚೇರಿಯಲ್ಲಿದ್ದಾರೆ, ಬೀಜದ ಕಂಪನಿಯಲ್ಲಿದ್ದಾರೆ, ಪತ್ರಿಕೆಯಲ್ಲಿದ್ದಾರೆ ಅಂತ ಬರೀರಿ, ಸ್ವಂತ ಉದ್ಯಮ ಅಂತಿದ್ರೆ ಅದನ್ನೂ ಬರೀರಿ, ಕೆಲಸ ಇಲ್ಲ ಅಂತಿದ್ರೆ ಅದನ್ನೂ ಮುಚ್ಚಿಡಬೇಡಿ. ಸೇರೋಕೆ ಬರೋ ಹುಡುಗ್ರು ಅದನ್ನ ನೋಡಿ ನಿರ್ಧಾರ ಮಾಡ್ಲಿ.

ನಮ್ಮ ಕಡೆಯಿಂದ ಏನು ಮಾಡ್ತೀವಿ ಅಂತ ಕೇಳಿದ್ರೆ, ನನ್ನ ಹಾಗೆ ರಾಜ್ಯ ವಿವಿಗಳಲ್ಲಿ ಓದಿ ಹೊರಗೆ ಕೆಲಸ ಮಾಡ್ತಿರೋರು ಬೇಕಾದಷ್ಟು ಜನ ಇದ್ದೀವಿ. ಶನಿವಾರ ಬನ್ನಿ ಅಂದ್ರೆ ನಮ್ಮ ಖರ್ಚಲ್ಲೇ ಬರ್ತೀವಿ, ಶಾಲು ಹಾರ ಏನೂ ಬೇಡ. ಒಬ್ಬೊಬ್ಬರ ಬಯೋಡೇಟಾ ಪಕ್ಕದಲ್ಲಿ ಕೂತು ತಿದ್ದಿ ಕೊಡ್ತೀವಿ, ನೀನು ಲ್ಯಾಬಲ್ಲಿ ನಿಜವಾಗ್ಲೂ ಏನೇನ್ ಮಾಡ್ದೆ ಹೇಳು ಅಂತ ಕೇಳಿ ಬರೆಸ್ತೀವಿ. ನಮ್ಮ ನಮ್ಮ ಆಫೀಸಲ್ಲಿ ಮೂರು ತಿಂಗಳಿಗೆ ಇಬ್ರನ್ನೋ ಮೂವರನ್ನೋ ತಗೊಳ್ಳಿ ಅಂತ ಮ್ಯಾನೇಜರ್‌ಗಳ ಹತ್ರ ಜಗಳ ಆಡ್ತೀವಿ. ಆದ್ರೆ ಆ ಮಕ್ಕಳು ಬರೋಕೆ ನಿಮ್ಮ ನಿಯಮದಲ್ಲಿ ಜಾಗ ಇರ್ಬೇಕು.

ಮುಂದಿನ ವಿದ್ಯಾವಿಷಯಕ ಪರಿಷತ್ ಸಭೆಯ ಕಾರ್ಯಸೂಚಿಗೆ ಈ ತಿದ್ದುಪಡಿ ಸೇರಿಸಿ ಅಂತ ಕೈ ಮುಗಿದು ಕೇಳ್ಕೋತೀನಿ. ಈಗ ಎರಡನೇ ವರ್ಷ ಮುಗಿಸ್ತಿರೋ ಬ್ಯಾಚಿಗೆ ಸಿಗ್ಬೇಕು ಅಂದ್ರೆ ಈ ಶೈಕ್ಷಣಿಕ ವರ್ಷದೊಳಗೆ ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಿಗೆ ಆಗ್ಬೇಕು, ಒಂದು ವರ್ಷ ತಡ ಆದ್ರೆ ಅವ್ರು ಥೀಸಿಸ್ ಬರೆಯೋಕೆ ಕೂತಿರ್ತಾರೆ.

ಇಂತಿ,
ರಾಜ್ಯದ ವಿವಿಯೊಂದರ ಹಳೇ ಸಂಶೋಧನಾ ವಿದ್ಯಾರ್ಥಿನಿ,
ಬೆಂಗಳೂರು